ಒರಗು: ಒಂದು ಪದ, ಕಿಟೆಲರ ನಿಘಂಟು ಮತ್ತು ನಾನು

ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ಓದ್ತಾ ಇದ್ದೇನೆ. ಕ್ರೈಸ್ತ ವಿದ್ವಾಂಸರ ಪುಸ್ತಕಗಳು ನನ್ನ ದಿನನಿತ್ಯದ ಬದುಕಿನಲ್ಲಿ ಏನು ಮಾಡಿದವು ಅನ್ನೋದು ನನ್ನ ವಿಷಯ. ಬಾಸೆಲ್ ಮಿಷನ್ನಿನ ಇಡೀ ಚರಿತ್ರೆ ಹೇಳಲಿಕ್ಕೆ ಹೋಗುವುದಿಲ್ಲ, ಒಂದು ಪದದಿಂದ ಶುರು ಮಾಡ್ತೇನೆ.

ನಮ್ಮ ಮನೆಮಾತು ಹವ್ಯಕ. ನಿದ್ದೆ ಮಾಡುವುದಕ್ಕೆ ನಾವು 'ಒರಗು' ಅನ್ನುತ್ತೇವೆ. ನಿದ್ದೆ ಅಂದರೆ 'ಒರಕ್ಕು'. ಎಂ.ಎ.ಗೆ ಸೇರಿದ ಹೊಸತರಲ್ಲಿ ಹಾಸ್ಟೆಲಿನಲ್ಲಿ "ನಿನ್ನೆ ಬೇಗ ಒರಗಿದೆ" ಅಂದೆ. "ಯಾವ ಗೋಡೆಗೆ?" ಅಂತ ರೂಮಿನವರೆಲ್ಲ ನಕ್ಕರು. ಅದು ತಮಾಷೆ, ನಾನೂ ನಕ್ಕೆ. ಆದರೆ ತರಗತಿಯಲ್ಲಿ ಒಮ್ಮೆ ಅದೇ ಪದ ಬಾಯಿತಪ್ಪಿ ಬಂದಾಗ, "ಅದು ಮಲಯಾಳದ ಪ್ರಭಾವ, ಬಿಟ್ಟುಬಿಡಿ" ಎಂಬ ಮಾತು ಬಂತು. ಬಿಟ್ಟೂಬಿಟ್ಟೆ. ಊರಿನಲ್ಲಿ ನಾವು ಕನ್ನಡದವರು, ಇಲ್ಲಿಗೆ ಬಂದರೆ ಅರ್ಧ ಮಲಯಾಳಿಗಳು! ಅಜ್ಜಿಗೆ ಫೋನ್ ಮಾಡುವಾಗಲೂ 'ಮಲಗಿದ್ದೆ' ಅಂತಲೇ ಹೇಳತೊಡಗಿದ್ದೆ. ಅವರಿಗೆ ಅದು ಗೊತ್ತಾಗಿತ್ತು, ಏನೂ ಹೇಳಿರಲಿಲ್ಲ.

ಮುಂದೆ ಹಳಗನ್ನಡ ಪಠ್ಯಕ್ಕೆ ಅರ್ಥ ಹುಡುಕುತ್ತಾ ಕಿಟೆಲರ ನಿಘಂಟು ತೆಗೆದೆ. ಅಲ್ಲಿ ಶಕಟರೇಫದ 'ಱ' ಹಾಕಿ ಬರೆದ 'ಒಱಗು' ಇತ್ತು. ವಾಲು, ಆನಿಕೊಳ್ಳು, ಮಲಗು, ಜೊತೆಗೆ ನಿದ್ರಿಸು. ತಮಿಳು, ಮಲಯಾಳಗಳ ಸೋದರ ಪದಗಳೂ ಇದ್ದವು. ಅಂದರೆ ನಮ್ಮ 'ಒರಗು' ಮಲಯಾಳದಿಂದ ಸಾಲ ತಂದದ್ದಲ್ಲ. ಮಲಯಾಳದ 'ಉರಙ್ಙು', ತಮಿಳಿನ 'ಉರಂಗು', ನಮ್ಮ 'ಒರಗು' ಒಂದೇ ಬೇರಿನವು. ಶಿಷ್ಟ ಕನ್ನಡದಲ್ಲಿ ನಿದ್ದೆಯ ಅರ್ಥ ಹಿಂದೆ ಸರಿದು ಆನಿಕೊಳ್ಳುವ ಅರ್ಥ ಉಳಿಯಿತು, ನಮ್ಮ ಮನೆಯಲ್ಲಿ ಹಳೆಯದು ಉಳಿಯಿತು. ಅಷ್ಟೇ ವಿಷಯ.

ಫರ್ಡಿನಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಧರ್ಮಪ್ರಚಾರಕ್ಕೆ. ಇದನ್ನು ಮುಚ್ಚಿಟ್ಟು ಅವರನ್ನು ಬರೀ ಕನ್ನಡದ ಸೇವಕ ಅಂತ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಸುಮಾರು 70,000 ಪದಗಳ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅರ್ಥಗಳು ಇಂಗ್ಲಿಷಿನಲ್ಲಿವೆ, ನಮ್ಮಜ್ಜಿಯಂಥವರಿಗಾಗಿ ಮಾಡಿದ್ದಲ್ಲ. ಆದರೂ ಜನರಿಗೆ ಬೋಧಿಸಬೇಕಾದರೆ ಮೊದಲು ಜನರ ಮಾತು ಕೇಳಬೇಕಿತ್ತು. ಹಾಗಾಗಿ ಕಾವ್ಯದ ಪದದ ಪಕ್ಕದಲ್ಲೇ ಗಾದೆ, ಅಡಿಗೆಮನೆಯ ಮಾತು ಬಂದು ಕೂತಿವೆ. ಕೆಲವು ಪದಗಳಿಗೆ ಸೀಮೆಯ ಗುರುತೂ ಇದೆ: ಮೈಸೂರಿನದು, ದಕ್ಷಿಣ ಮರಾಠಾ ಸೀಮೆಯದು ಅಂತ. ಜತ್ತ, ಸೊಲ್ಲಾಪುರದ ಕಡೆಯ ಗೆಳೆಯರು ಆ ಎರಡನೆಯ ಗುರುತನ್ನು ಹಿಡಿದು ಒಮ್ಮೆ ಪುಟ ತಿರುವಬೇಕು. ಬೇರೆ ಸೀಮೆಯ ಪದ ಅಲ್ಲಿ ತಪ್ಪಲ್ಲ, ಬರೀ ಬೇರೆ ಸೀಮೆಯದು.

ಇನ್ನೊಂದು ಸಂಗತಿ ನನಗೆ ಆಮೇಲೆ ಹೊಳೆದದ್ದು. ಗುಂಡರ್ಟರ ಮಲಯಾಳ ನಿಘಂಟು 1872ರದ್ದು, ಮೆನ್ನರ್ ಅವರ ತುಳು ನಿಘಂಟು 1886ರದ್ದು. ಮೂರೂ ಬಾಸೆಲ್ ಮಿಷನ್ನಿನವರ ಕೆಲಸ, ಮೂರೂ ಮಂಗಳೂರಿನಲ್ಲಿ ಅಚ್ಚಾದವು. ನಮ್ಮೂರ ಬಸ್ಸಿನಲ್ಲಿ ಹತ್ತು ನಿಮಿಷ ಕೂತರೆ ಕೇಳುವ ಮೂರು ಭಾಷೆಗಳೂ ಅವೇ. ಆಗ ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. 1956ರ ನವೆಂಬರ್ 1ಕ್ಕೆ ಕೇರಳ ಆಯಿತು. ಗಡಿ ಬರುವ ಮೊದಲೇ ನಮ್ಮ ಮಾತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಪುಸ್ತಕಗಳಿವು.

ಮಂಜೇಶ್ವರದ ಗೋವಿಂದ ಪೈಗಳನ್ನು ನೆನೆಯದೆ ಮುಗಿಸಲಾರೆ. ಕ್ರಿಸ್ತನ ಕೊನೆಯ ದಿನದ ಬಗ್ಗೆ 'ಗೊಲ್ಗೊಥಾ' ಬರೆದ ಅವರು ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನಗಳ ಬಗ್ಗೆ 'ವೈಶಾಖಿ'ಯನ್ನೂ ಬರೆದರು. ಓದು ನಂಬಿಕೆಯ ಬೇಲಿ ದಾಟುವುದಕ್ಕೆ ನಮ್ಮೂರಿನ ಪಕ್ಕದಲ್ಲೇ ಉದಾಹರಣೆ ಇತ್ತು, ನನಗೆ ಕಂಡದ್ದು ತಡವಾಗಿ.

ಆ ಪುಟ ನೋಡಿದ ರಾತ್ರಿ ಅಜ್ಜಿಗೆ ಫೋನ್ ಮಾಡಿ, "ಒರಕ್ಕು ಬತ್ತಾ ಇದ್ದು, ಅಜ್ಜಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಒರಗು ಮಗಳೇ" ಅಂದರು.