ಕನ್ನಡಿ ಕಾಯಕ

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಕನ್ನಡಿ ಕಾಯಕದ ಅಮ್ಮಿದೇವಯ್ಯನೂ ಒಬ್ಬ. ಕನ್ನಡಿ ಕಾಯಕವೆಂದರೆ ಕ್ಷೌರಿಕನ ವೃತ್ತಿ. ಬಸವಕಲ್ಯಾಣದಲ್ಲಿ ಹುಟ್ಟಿ, ಹಲವು ವರ್ಷ ವಚನಗಳ ಪಾಠ ಹೇಳಿದ ನಾನು ಆ ಕಾಯಕದ ಬೆಲೆಯನ್ನು ಅರಿತದ್ದು ಮಾತ್ರ ತೀರ ತಡವಾಗಿ.

ನನ್ನ ತಂದೆಯವರು ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ಅವರ ಮುಖಕ್ಷೌರ ನನ್ನ ಪಾಲಿಗೆ ಬಂತು. ಒಂದು ಕೂದಲೂ ಉಳಿಯಬಾರದೆಂಬ ಹಟದಿಂದ ಒತ್ತಿ ಒತ್ತಿ ಕೆರೆದೆ. ಮರುದಿನ ಕೊರಳ ತುಂಬ ಕೆಂಪು ಗುಳ್ಳೆಗಳು. ಮತ್ತೊಮ್ಮೆ ನಾನು ಸಾಬೂನಿನ ಬಟ್ಟಲು ಹಿಡಿದು ಬಂದಾಗ, ಮಾತು ಕಳೆದುಕೊಂಡಿದ್ದ ಅವರು ಮುಖವನ್ನು ಗೋಡೆಯ ಕಡೆಗೆ ಹೊರಳಿಸಿದರು.

ಹುಮನಾಬಾದಿನಲ್ಲಿ ನನಗೆ ಪರಿಚಿತರಾದ ಹಿರಿಯ ಕ್ಷೌರಿಕರೊಬ್ಬರಿದ್ದರು. ಅವರಲ್ಲಿಗೆ ಹೋಗಿ ಸಂಗತಿಯನ್ನು ಹೇಳಿದೆ. “ಸರ, ಕತ್ತಿಗಿ ಜೋರ್ ಹಚ್ಚಬ್ಯಾಡ್ರಿ. ಅರ್ಧ ಕೆಲ್ಸ ನೀರೇ ಮಾಡ್ತದ” ಎಂದರು.

ಈ ಮಾತಿನಲ್ಲಿ ಶಾಸ್ತ್ರವಿದೆ. ಒಣಗಿದ ಗಡ್ಡದ ಕೂದಲು ಬಲು ಬಿರುಸು. ಬೆಚ್ಚನೆಯ ಒದ್ದೆ ಬಟ್ಟೆಯನ್ನು ಎರಡು ಮೂರು ನಿಮಿಷ ಮುಖದ ಮೇಲಿಟ್ಟರೆ ಕೂದಲು ನೀರನ್ನು ಹೀರಿ ಉಬ್ಬಿ ಮೆದುವಾಗುತ್ತದೆ. ಅಲ್ಪ ಬಲಕ್ಕೇ ತುಂಡಾಗುತ್ತದೆ. ಆ ಮೇಲೆ ಕುಂಚದಿಂದ ದಟ್ಟವಾದ ನೊರೆ ಹಚ್ಚಬೇಕು. ಗಡಸು ನೀರಿನಲ್ಲಿ ನೊರೆ ಏಳುವುದಿಲ್ಲ; ಕಾಯಿಸಿ ಆರಿಸಿದ ನೀರು ಕೆಲಮಟ್ಟಿಗೆ ವಾಸಿ.

ಇನ್ನು ದಿಕ್ಕು. ಗಲ್ಲದ ಕೂದಲು ಕೆಳಮುಖವಾಗಿ ಬೆಳೆದರೂ ಕೊರಳಿನದು ಅಡ್ಡಲಾಗಿಯೋ ಮೇಲ್ಮುಖವಾಗಿಯೋ ಬೆಳೆದಿರಬಹುದು. ಬೆರಳಾಡಿಸಿ ನೋಡಿ, ಕೂದಲು ಬೆಳೆದ ದಿಕ್ಕಿನಲ್ಲಿಯೇ ಗಿಡ್ಡ ಗಿಡ್ಡ ಎಳೆತಗಳಲ್ಲಿ ಬ್ಲೇಡನ್ನು ಒಯ್ಯಬೇಕು. ಇನ್ನೂ ನುಣುಪು ಬೇಕೆನಿಸಿದರೆ ಮರಳಿ ನೊರೆ ಹಚ್ಚಿ ಅಡ್ಡಲಾಗಿ ಒಮ್ಮೆ ಎಳೆದರೆ ಸಾಕು. ಎದುರು ದಿಕ್ಕಿನಲ್ಲಿ ಕೆರೆದರೆ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ತುಂಡಾಗುತ್ತದೆ. ಅದರ ಚೂಪಾದ ತುದಿ, ಅದರಲ್ಲಿಯೂ ಗುಂಗುರು ಕೂದಲಿನದು, ಹೊರಬರುವ ಬದಲು ಒಳಕ್ಕೇ ನಾಟಿಕೊಂಡು ಗುಳ್ಳೆಯಾಗುತ್ತದೆ. 1971ರಲ್ಲಿ ಜಿಲೆಟ್ ಕಂಪನಿ ಎರಡು ಅಲಗಿನ ರೇಜರನ್ನು ಮಾರುಕಟ್ಟೆಗೆ ತಂದಿತು. ಒಂದು ಅಲಗು ಕೂದಲನ್ನು ಎಳೆದು ಹಿಡಿಯುವುದು, ಅದು ಒಳಸರಿಯುವ ಮುನ್ನ ಇನ್ನೊಂದು ಕತ್ತರಿಸುವುದು ಅದರ ತತ್ತ್ವ. ನುಣುಪು ಬಯಸುವವರಿಗೆ ಅದು ಹಿತ. ಗುಳ್ಳೆಯೇಳುವ ಚರ್ಮಕ್ಕೆ ಒಂದೇ ಅಲಗು ಮೇಲು.

ಐದಾರು ಸಲ ಬಳಸಿದ ಬ್ಲೇಡನ್ನು ಎಸೆಯಬೇಕು. ಮೊಂಡ ಬ್ಲೇಡೇ ಕೈಯನ್ನು ಒತ್ತಿಸುವುದು. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಲೇಬಾರದು. ರಕ್ತದ ಮೂಲಕ ಹರಡುವ ರೋಗಗಳಿಗೆ ಅದು ದಾರಿ. ಕೊನೆಗೆ ತಣ್ಣೀರಿನಲ್ಲಿ ತೊಳೆದು, ತಿಕ್ಕದೆ ಮೆಲ್ಲಗೆ ಒತ್ತಿ ಒರೆಸಬೇಕು. ಗಾಯವಾದಲ್ಲಿ ಪಟಿಕ ಸೋಕಿಸಿದರೆ ರಕ್ತ ನಿಲ್ಲುತ್ತದೆ.

ಗುಳ್ಳೆಗಳು ಮಾಯುವವರೆಗೆ ತಂದೆಯವರ ಮುಖಕ್ಕೆ ಬ್ಲೇಡು ತಾಕಿಸಲಿಲ್ಲ. ಅನಂತರ ಹೊಸ ಪಾಠದಂತೆ ತೊಡಗಿದೆ. ಬೆಚ್ಚನೆಯ ಬಟ್ಟೆ ಮುಖಕ್ಕೆ ಸೋಕಿದಾಗ ಅವರು ಕಣ್ಣು ಮುಚ್ಚಿದರು, ಮುಖ ತಿರುಗಿಸಲಿಲ್ಲ. ಕೊರಳಿನಲ್ಲಿ ಅಲ್ಲಲ್ಲಿ ಕೂದಲು ಉಳಿಯಿತು; ಉಳಿಯಲೆಂದು ಬಿಟ್ಟೆ. ಮುಗಿದ ಮೇಲೆ ಅವರು ಎಡಗೈಯೆತ್ತಿ ಗಲ್ಲವನ್ನು ಸವರಿಕೊಂಡು, ಗೋಡೆಯ ಮೇಲಿನ ಕನ್ನಡಿಯತ್ತ ಬೆರಳು ತೋರಿದರು. ಅದನ್ನು ಇಳಿಸಿ ತಂದು ಅವರ ಮುಂದೆ ಹಿಡಿದೆ.