ದಸ್ತಾವೇಜು, ನಕ್ಷೆ, ಪಹಣಿ: ಭೂದಾಖಲೆಗಳ ಆಡಳಿತದಲ್ಲಿ ಇಲಾಖೆಗಳ ಹೊಂದಾಣಿಕೆ

ಆಡಳಿತದ ಕಾರ್ಯಗಳನ್ನು ವಿಂಗಡಿಸಿ ಬೇರೆ ಬೇರೆ ಇಲಾಖೆಗಳಿಗೆ ಒಪ್ಪಿಸುವುದು ಅನಿವಾರ್ಯ. ಆದರೆ ಪ್ರಜೆಯ ಅಗತ್ಯ ಹಾಗೆ ವಿಂಗಡಣೆಗೊಂಡು ಬರುವುದಿಲ್ಲ. ಎರಡು ಎಕರೆ ಜಮೀನು ಕೊಂಡ ರೈತನಿಗೆ ಅದು ಒಂದೇ ವ್ಯವಹಾರ. ಸರ್ಕಾರದ ಮಟ್ಟಿಗೆ ಮೂರು. ಕ್ರಯಪತ್ರವನ್ನು ದಾಖಲಿಸುವವರು ನೋಂದಣಿ ಇಲಾಖೆಯ ಉಪನೋಂದಣಾಧಿಕಾರಿಗಳು. ಭೂಮಿಯನ್ನು ಅಳೆದು ನಕ್ಷೆ ಸಿದ್ಧಪಡಿಸುವವರು ಭೂಮಾಪನ ಇಲಾಖೆಯವರು. ಪಹಣಿಯಲ್ಲಿ ಹೆಸರು ಬದಲಿಸುವವರು ತಹಶೀಲ್ದಾರರ ಅಧೀನದ ಕಂದಾಯ ಸಿಬ್ಬಂದಿ. ಈ ಮೂವರ ನಡುವಣ ಸಂಬಂಧ ಕರ್ನಾಟಕದಲ್ಲಿ ಹೇಗೆ ಬೆಳೆದುಬಂದಿತೆಂಬುದು ಇಲಾಖೆಗಳ ಪರಸ್ಪರ ಸಹಕಾರದ ಅಧ್ಯಯನಕ್ಕೆ ಉತ್ತಮ ನಿದರ್ಶನವಾಗಿದೆ.

ಹಿಂದೆ ಈ ದಾಖಲೆಗಳ ಕೊಂಡಿಯಾಗಿದ್ದವನು ಹಳೆಯ ಮೈಸೂರಿನ ಶಾನುಭೋಗ, ಉತ್ತರದ ಜಿಲ್ಲೆಗಳ ಕುಲಕರ್ಣಿ. ಯಾವ ಹೊಲ ಯಾರದು, ಬದು ಎಲ್ಲಿ ಹಾಯುತ್ತದೆ ಎಂಬುದು ಅವನ ಕಡತದಷ್ಟೇ ಅವನ ನೆನಪಿನಲ್ಲೂ ಇರುತ್ತಿತ್ತು. ಆ ನೆನಪು ಯಾರ ಪರವಾಗಿ ಕೆಲಸ ಮಾಡುತ್ತಿತ್ತೆಂಬುದು ಬೇರೆಯೇ ಪ್ರಶ್ನೆ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯ ಅಧಿಕಾರವನ್ನು ಕೊನೆಗಾಣಿಸಿತು. ಅವರ ಸ್ಥಾನಕ್ಕೆ ಬಂದ ಗ್ರಾಮ ಲೆಕ್ಕಿಗರು ಸಂಬಳದ ನೌಕರರು, ವರ್ಗವಾಗುವವರು, ಹಲವು ಹಳ್ಳಿಗಳ ಹೊಣೆ ಹೊತ್ತವರು. ಒಬ್ಬನ ತಲೆಯಲ್ಲಿದ್ದ ಹೊಂದಾಣಿಕೆ ಇನ್ನು ಕಚೇರಿಗಳ ನಡುವಣ ಕಾಗದದಲ್ಲಿಯೇ ನಡೆಯಬೇಕಾಯಿತು.

ಆ ಕಾಗದವೇ ದುರ್ಬಲವಾಗಿತ್ತು. 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗುವುದು ದಸ್ತಾವೇಜು, ಹಕ್ಕಲ್ಲ. ಮಾರುವವನಿಗೆ ಮಾಲೀಕತ್ವ ಇದೆಯೇ ಎಂದು ವಿಚಾರಿಸುವುದು ಉಪನೋಂದಣಾಧಿಕಾರಿಯ ಕೆಲಸವಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 128ನೆಯ ಪ್ರಕರಣವು ನೋಂದಣಿಯಾದ ವ್ಯವಹಾರಗಳನ್ನು ಕಂದಾಯ ಕಚೇರಿಗೆ ವರದಿ ಮಾಡಬೇಕೆಂದು ವಿಧಿಸಿತು. ಅದರಂತೆ ‘ಜೆ ಸ್ಲಿಪ್’ ಎಂದು ಕರೆಯಲಾಗುತ್ತಿದ್ದ ಚೀಟಿಗಳು ಕಟ್ಟುಕಟ್ಟಾಗಿ ಹೋಗುತ್ತಿದ್ದವು. ಅವು ತಡವಾದರೆ, ಕಳೆದರೆ, ಕಟ್ಟು ಬಿಚ್ಚದೆ ಉಳಿದರೆ ಕೇಳುವವರಿರಲಿಲ್ಲ. ಅಷ್ಟರವರೆಗೆ ಪಹಣಿಯ 9ನೆಯ ಕಲಮಿನಲ್ಲಿ ಮಾರಿದವನ ಹೆಸರೇ ಇರುತ್ತಿತ್ತು. ಅವನು ಅದನ್ನು ತೋರಿಸಿ ಸಾಲ ಪಡೆಯಬಹುದಿತ್ತು, ಅದೇ ಭೂಮಿಯನ್ನು ಮತ್ತೊಬ್ಬನಿಗೆ ಮಾರಲೂ ಯತ್ನಿಸಬಹುದಿತ್ತು. ಕೊಂಡವನು ಹಣ ತೆತ್ತೂ ಬೆಳೆಸಾಲಕ್ಕೆ ಅನರ್ಹ. ಗಮನಾರ್ಹವೆಂದರೆ, ತಮ್ಮ ಕೆಲಸ ತಾವು ಮಾಡಿದ್ದೇವೆಂದು ಎರಡೂ ಕಚೇರಿಯವರು ಪ್ರಾಮಾಣಿಕವಾಗಿಯೇ ಹೇಳಬಹುದಿತ್ತು.

2000ದ ಸುಮಾರಿಗೆ ರೂಪುಗೊಂಡ ‘ಭೂಮಿ’ ಯೋಜನೆ ಮೊದಲಿಗೆ ಒಂದೇ ಇಲಾಖೆಯ ಒಳಗಣ ಸುಧಾರಣೆಯಾಗಿತ್ತು. ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ, ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ಇತ್ಯರ್ಥವಾಗಬೇಕೆಂಬ ಕಟ್ಟುಪಾಡನ್ನು ತಂತ್ರಾಂಶವೇ ವಿಧಿಸಿತು. ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಘೋಷಿಸಿದ ಮೇಲೆ ಹಿಂದಿರುಗುವ ದಾರಿಯೂ ಮುಚ್ಚಿತು. ಯೋಜನೆಯ ನಿಜವಾದ ದಿಟ್ಟತನ ಇರುವುದು ಇಲ್ಲಿಯೇ ಎನ್ನಬೇಕು.

ಆದರೂ ನೋಂದಣಿ ಕಚೇರಿಯಿಂದ ಚೀಟಿ ಬಾರದಿದ್ದರೆ ಗಣಕದ ಪಹಣಿಯೂ ಹಳೆಯದನ್ನೇ ಹೇಳುತ್ತದೆ. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶವನ್ನು ‘ಭೂಮಿ’ಯೊಂದಿಗೆ ಜೋಡಿಸಿದಾಗ ಮಾತ್ರ ಸ್ಥಿತಿ ಬದಲಾಯಿತು. ಈಗ ಪತ್ರ ನೋಂದಣಿಗೆ ಮುನ್ನವೇ ಮಾರುವವನ ಹೆಸರು, ವಿಸ್ತೀರ್ಣಗಳು ಪಹಣಿಯ ದತ್ತಾಂಶದಲ್ಲಿ ತಾಳೆಯಾಗಬೇಕು; ನೋಂದಣಿಯಾದೊಡನೆ ಮಾಹಿತಿ ತಾನಾಗಿಯೇ ತಾಲ್ಲೂಕಿಗೆ ಸೇರಿ ಖಾತೆ ಬದಲಾವಣೆಯ ಪ್ರಕ್ರಿಯೆ ಆರಂಭವಾಗುತ್ತದೆ. 2023ರಲ್ಲಿ ‘ಕಾವೇರಿ 2.0’ ಜಾರಿಗೆ ಬಂದಿತು.

ಮೂರನೆಯ ಕೊಂಡಿಯಾದ ಭೂಮಾಪನ ಇನ್ನೂ ಜಟಿಲವಾದುದು. ಐದು ಎಕರೆಯ ಒಂದು ಸರ್ವೆ ನಂಬರಿನಲ್ಲಿ ಎರಡು ಎಕರೆ ಮಾರಾಟವಾಯಿತೆನ್ನೋಣ. ಪಹಣಿಯಲ್ಲಿ ಎರಡು ಹೆಸರುಗಳು ಜಂಟಿಯಾಗಿ ನಿಲ್ಲುತ್ತವೆ. ಆ ಎರಡು ಎಕರೆ ರಸ್ತೆಯ ಬದಿಯದೋ ಹಳ್ಳದ ಬದಿಯದೋ ಯಾವ ದಾಖಲೆಯೂ ಹೇಳುವುದಿಲ್ಲ. ಪೋಡಿಯಾಗದೆ ಹೀಗೆಯೇ ಕೈಬದಲಾಗುತ್ತ ಹೋದಲ್ಲಿ, ಪಹಣಿಯ ಹಿಡುವಳಿಗಳ ಮೊತ್ತ ಆಕಾರಬಂದಿನ ವಿಸ್ತೀರ್ಣವನ್ನು ಮೀರಿದ್ದೂ ಉಂಟು. ಈ ದೋಷದ ಪರಿಹಾರಕ್ಕಾಗಿ, ಸರ್ವೆ ನಂಬರಿನ ಭಾಗಶಃ ಮಾರಾಟಕ್ಕೆ ‘11ಇ’ ನಕ್ಷೆಯನ್ನು ಕಡ್ಡಾಯಗೊಳಿಸಲಾಯಿತು. ಅಂದರೆ ಅಳತೆಯು ನೋಂದಣಿಯ ನಂತರದ ಮಾತಾಗಿರದೆ ಪೂರ್ವದ ಷರತ್ತಾಯಿತು. ಸರ್ಕಾರಿ ಭೂಮಾಪಕರು ಸಾಲದೆ ಪರವಾನಗಿ ಪಡೆದ ಖಾಸಗಿ ಭೂಮಾಪಕರನ್ನೂ ತೊಡಗಿಸಬೇಕಾಯಿತು; ‘ಮೋಜಿಣಿ’ ತಂತ್ರಾಂಶವು ಈ ಅರ್ಜಿಗಳ ನಡೆಯನ್ನು ದಾಖಲಿಸುತ್ತದೆ. ವ್ಯವಹಾರ ನಿಧಾನವಾಯಿತೆಂಬ ದೂರು ಸುಳ್ಳಲ್ಲ. ಆದರೆ ಅಳತೆಗೆಂದು ಮೊದಲು ಕಾಯುವ ದಿನಗಳನ್ನು ಬದುವಿನ ವ್ಯಾಜ್ಯವು ಅನಂತರ ತಿನ್ನುವ ವರ್ಷಗಳೊಡನೆ ಹೋಲಿಸಿಯೇ ಇದನ್ನು ಅಳೆಯಬೇಕಾಗುತ್ತದೆ.

ಈ ಜೋಡಣೆಯ ಮಿತಿ ಕಾಣುವುದು ಪೌತಿ ಖಾತೆಯಲ್ಲಿ. ಕ್ರಯದಲ್ಲಿ ಒಂದು ಇಲಾಖೆ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ. ಮಾಲೀಕ ತೀರಿಕೊಂಡಾಗ ಹಾಗಲ್ಲ. ಮರಣ ಬೇರೊಂದು ಪುಸ್ತಕದಲ್ಲಿ ದಾಖಲಾಗುತ್ತದೆ, ಪಹಣಿಗೆ ತಿಳಿಯುವುದಿಲ್ಲ. ವಾರಸುದಾರರೇ ವಂಶವೃಕ್ಷದೊಡನೆ ನಾಡಕಚೇರಿಗೆ ಬರಬೇಕು. ಅಣ್ಣತಮ್ಮಂದಿರಲ್ಲಿ ಒಮ್ಮತವಿಲ್ಲದಿದ್ದರೆ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಸೇರಿಸಲು ಮನಸ್ಸಿಲ್ಲದಿದ್ದರೆ, ಬರುವುದೇ ಇಲ್ಲ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಕಾರ್ಯ ನಡೆದಾಗ ಮೃತರ ಹೆಸರಿನಲ್ಲಿಯೇ ಮುಂದುವರಿದ ಪಹಣಿಗಳು ಬಹುಸಂಖ್ಯೆಯಲ್ಲಿ ಬೆಳಕಿಗೆ ಬಂದವು. ಅಂತಹ ಜಮೀನನ್ನು ಉಳುತ್ತಿರುವ ಮೊಮ್ಮಗ, ಬೆಳೆ ಹೋದ ವರ್ಷ ಪರಿಹಾರ ಕೇಳಲು ಬಂದಾಗ ಅವನ ಹೆಸರು ಯಾವ ಗಣಕದಲ್ಲಿಯೂ ಇರುವುದಿಲ್ಲ.