ಎರಡೂವರೆ ಸೆಕೆಂಡು

ಹತ್ತನೇ ಮಹಡಿಯ ಸಾರ್ವೆಯಿಂದ, ಅಂದರೆ ಸುಮಾರು 30 ಮೀಟರ್ ಮೇಲಿಂದ, ಅರ್ಧ ಕಿಲೋ ತೂಕದ ಸ್ಪ್ಯಾನರ್ ಕೈಜಾರಿತು ಎನ್ನಿ. ನೆಲ ಮುಟ್ಟಲು ಅದಕ್ಕೆ ಎರಡೂವರೆ ಸೆಕೆಂಡು ಸಾಕು. ಆಗ ಅದರ ವೇಗ ಗಂಟೆಗೆ ಸುಮಾರು 87 ಕಿ.ಮೀ. ಜಾರಿದ್ದು ತಿಳಿದು ಮೇಲಿನವನು ಕೂಗುವಷ್ಟರಲ್ಲಿ ಆ ಹೊತ್ತಿನ ದೊಡ್ಡ ಪಾಲು ಕಳೆದಿರುತ್ತದೆ. ಕೂಗು ಕೇಳಿದ ಕೆಳಗಿನವರು ಸಹಜವಾಗಿ ತಲೆಯೆತ್ತುತ್ತಾರೆ. ಹೆಲ್ಮೆಟ್ ಕಾಯಲಾರದ ಮುಖವನ್ನೇ ಒಡ್ಡಿದಂತಾಗುತ್ತದೆ.

ಹೆಲ್ಮೆಟ್ಟಾದರೂ ಎಷ್ಟು ತಡೆದೀತು? ಯುರೋಪಿನ ಇಎನ್ 397 ಮಾನದಂಡದ ಪರೀಕ್ಷೆಯಲ್ಲಿ ಅದರ ಮೇಲೆ 5 ಕಿಲೋ ಗುಂಡನ್ನು 1 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಪೆಟ್ಟಿನ ಶಕ್ತಿ 49 ಜೂಲ್; ತಲೆಗೆ ದಾಟುವ ಬಲ 5 ಕಿಲೋನ್ಯೂಟನ್ ಮೀರಬಾರದು. ಗಟ್ಟಿ ಚಿಪ್ಪಿನಷ್ಟೇ ಮುಖ್ಯವಾದದ್ದು ಒಳಗಿನ ಪಟ್ಟಿಗಳ ಜಾಲ. ಚಿಪ್ಪು ತಲೆಗೆ ತಾಗದಂತೆ ಹಿಡಿದಿರುವ ಅದು ಪೆಟ್ಟಿಗೆ ಹಿಗ್ಗುತ್ತದೆ. ಅಷ್ಟೇ ಶಕ್ತಿಯನ್ನು 1 ಮಿಲಿಮೀಟರಿನೊಳಗೆ ನಿಲ್ಲಿಸಿದರೆ ಸರಾಸರಿ ಬಲ 49 ಕಿಲೋನ್ಯೂಟನ್, 1 ಸೆಂಟಿಮೀಟರ್ ಸಿಕ್ಕರೆ ಅದರ ಹತ್ತರಲ್ಲೊಂದು. ಬೆವರಿಗೆಂದು ಆ ಸಂದಿಯಲ್ಲಿ ಟವೆಲ್ ತುರುಕಿಕೊಂಡವರು ಕಳೆದುಕೊಳ್ಳುವುದು ಈ ಸೆಂಟಿಮೀಟರನ್ನು.

ನಮ್ಮ ಸ್ಪ್ಯಾನರಿನ ಶಕ್ತಿ 147 ಜೂಲ್, ಪರೀಕ್ಷೆಯ ಮೂರರಷ್ಟು. ಮೂರು ಕಿಲೋ ಇಟ್ಟಿಗೆಗಂತೂ 49 ಜೂಲ್ ತಲುಪಲು ಆಳೆತ್ತರ ಸಾಕು. ಹೆಲ್ಮೆಟ್ ಬೇಡವೆಂದಲ್ಲ, ಅದು ಕಡೆಯ ಆಸರೆ. ಸೈಟಿನ ಗೇಟಿನಲ್ಲಿ ಹೆಲ್ಮೆಟ್ಟಿನ ಬೋರ್ಡು ತೂಗುಹಾಕಿ ಕೈತೊಳೆದುಕೊಳ್ಳುವವರಿಗೆ ಈ ಲೆಕ್ಕ ಹಿಡಿಸಲಿಕ್ಕಿಲ್ಲ.

ಬಲೆಗೂ ಮಿತಿಯಿದೆ. 1930ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಳಗೆ ಹಾಸಿದ್ದ ಬಲೆ 19 ಜನರನ್ನು ಉಳಿಸಿತು. 1937ರ ಫೆಬ್ರವರಿ 17ರಂದು ಹಲವು ಟನ್ ತೂಕದ ಅಟ್ಟಣೆಯೇ ಕಳಚಿ ಅದರ ಮೇಲೆ ಬಿತ್ತು. ಬಲೆ ಹರಿದು 10 ಮಂದಿ ಸತ್ತರು.

ಹಾಗಾಗಿ ಬೀಳದಂತೆ ನೋಡಿಕೊಳ್ಳುವುದೇ ಅಗ್ಗ: ಸಾರ್ವೆಯ ಅಂಚಿಗೆ ಅಡ್ಡ ನಿಲ್ಲಿಸಿದ ಹಲಗೆ, ಸೊಂಟದ ಬೆಲ್ಟಿಗೆ ಕಟ್ಟಿದ ಉಪಕರಣ. ಕೆಳಗೆ ಬೇಲಿಯೂ ಬೇಕು, ಆದರೆ ಬೀಳುವ ವಸ್ತು ನೇರವಾಗಿಯೇ ಇಳಿಯುತ್ತದೆಂಬ ಖಾತ್ರಿಯಿಲ್ಲ. ಸ್ಪ್ಯಾನರ್ ಕಂಬಿಗೆ ತಗುಲಿ ಪಕ್ಕಕ್ಕೆ ಚಿಮ್ಮುತ್ತದೆ, ಸೆಂಟ್ರಿಂಗಿನ ಪ್ಲೈವುಡ್ ಗಾಳಿಗೆ ಜಾರುತ್ತದೆ. ಎತ್ತರ ಏರಿದಂತೆ ಬೇಲಿ ದೂರ ಸರಿಯಬೇಕು. ಬೆಂಗಳೂರಿನ 30×40 ಅಡಿ ನಿವೇಶನದಲ್ಲಿ ನಾಲ್ಕು ಮಹಡಿ ಏರಿಸುವಾಗ ಬೇಲಿ ಸರಿಯಬೇಕಾದ ಜಾಗ ಪಕ್ಕದ ಮನೆಯ ಅಂಗಳ, ಇಲ್ಲವೇ ಫುಟ್‌ಪಾತು. ಅಲ್ಲಿ ಅಂಚಿನ ಹಲಗೆಯನ್ನು ಬಿಟ್ಟರೆ ಬೇರೆ ದಾರಿ ಹೆಚ್ಚಿಲ್ಲ.